ಹದಿನೈದಕ್ಕೆ ನಾಲ್ಕು

ಜೂನ್ 29, ಭಾನುವಾರ, ಮಧ್ಯಾಹ್ನ 2.00

ಮೊದಲ ಟೆಸ್ಟ್ ಮುಗಿಯಿತು. ಎಕನಾಮಿಕ್ಸ್, ಮೂರು ಗಂಟೆ, ಇನ್ನೂರೈವತ್ತು ಅಂಕ. ಹೆಬ್ಬೆರಳು ಮಡಚಲು ಆಗುತ್ತಿಲ್ಲ. ಜಯನಗರದ ಆ ಮೂರನೇ ಮಹಡಿಯ ಹಾಲಿನಲ್ಲಿ ಇರುವುದು ಒಂದೇ ಸರಿಯಾದ ಫ್ಯಾನ್, ಅದೂ ಮಾಧವ ಸರ್ ಕುರ್ಚಿಯ ಮೇಲೆ. ಕೋಚಿಂಗ್ ಅವರದು, ಗಾಳಿಯೂ ಅವರದೇ.

ಮುಗಿದ ಮೇಲೆ ಪಕ್ಕಕ್ಕೆ ಕರೆದರು. "ಲಿಖಿತಾ, ಐದು ಸಲ ಐಎಎಸ್ ಪರೀಕ್ಷೆ ಬರ್ದಿರೋಳು ನೀನು. ನಿನಗಿಂತ ಚೆನ್ನಾಗಿ ಯಾರಮ್ಮ ತಿದ್ತಾರೆ? ವಾರಕ್ಕೆ ಎಂಟು ಪೇಪರ್ ನೋಡ್ಕೊಡು. ನಿನ್ ಟೆಸ್ಟಿಗೆ ಫೀಸ್ ಬೇಡ. ಹೊರಗಡೆ ಮಾತ್ರ ಹೇಳ್ಬೇಡ."

ಕೆಳಗೆ ಗೋಡೆಗೆ ಅಂಟಿಸಿದ ಪೋಸ್ಟರಿನಲ್ಲಿ 'ನುರಿತ ತಜ್ಞರಿಂದ ಮೌಲ್ಯಮಾಪನ' ಅಂತಿದೆ. ಐದು ಸಲ ಸೋತು ನುರಿತಿರುವುದು ನಿಜ.

ಒಂದು ನೀಲಿ ಬ್ಯಾಗ್ ಕೊಟ್ಟರು. ಪೇಪರುಗಳ ಮೇಲೆ ಹೆಸರಿಲ್ಲ, ಕೋಡ್ ನಂಬರ್ ಮಾತ್ರ. ನನ್ನ ಕೋಡ್ 14. ನನ್ನದನ್ನು ಯಾರು ತಿದ್ದುತ್ತಾರೆ ಅಂತ ಕೇಳಿದೆ. ನಕ್ಕರು, ಅಷ್ಟೇ. ಅಂದರೆ ನನ್ನಂಥವರೇ ಇನ್ಯಾರೋ.

ಜುಲೈ 2, ಬೆಳಿಗ್ಗೆ

ಎಂಟರಲ್ಲಿ ಏಳು ಪೇಪರ್ ಒಂದೇ ಅಚ್ಚು. ಅದೇ ಪೀಠಿಕೆ, ಅದೇ ಸಮಿತಿಯ ಹೆಸರು, ಕೊನೆಗೆ ಅದೇ 'ಮುಂದಿನ ದಾರಿ'. ಎಲ್ಲರೂ ಯಾವನೋ ಟಾಪರ್‌ನ ಜೆರಾಕ್ಸ್ ಓದಿ ವಾಂತಿ ಮಾಡಿದ್ದಾರೆ. ಸಿಟ್ಟು ಬಂತು. ನಾನೂ ಹಾಗೇ ಬರೆಯುತ್ತೇನೆ, ಅದು ಬೇರೆ ವಿಷಯ.

ಕೋಡ್ 27 ಮಾತ್ರ ಬೇರೆ. ಅಕ್ಷರ ದೊಡ್ಡದು, ಮಾತು ಕಡಿಮೆ. ಗ್ರಾಫುಗಳನ್ನು ಸ್ಕೇಲ್ ಇಟ್ಟು ಎಳೆದಿದ್ದಾರೆ. ಗೆರೆಗಳು ಕೂಡುವ ಕಡೆ ಚುಕ್ಕಿಯ ಬದಲು ಒಂದು ಪುಟ್ಟ ಚೌಕ. 121 ಕೊಟ್ಟೆ. ಕೊಡುವಾಗ ಹೊಟ್ಟೆ ಉರಿಯಿತು. ಆದರೂ ಕೊಟ್ಟೆ. ಇದನ್ನು ನೆನಪಿಟ್ಟುಕೊಳ್ಳಬೇಕು — ಕೊಟ್ಟೆ.

ಜುಲೈ 5, ಸಂಜೆ

ನನ್ನ ಪೇಪರ್ ಬಂತು. 88.

ಕೆಂಪು ಇಂಕು. ಪ್ರತಿ ಗ್ರಾಫಿಗೂ ಒಂದು ಸುತ್ತು. 'ಅಕ್ಷದ ಹೆಸರೆಲ್ಲಿ?' 'ಯಾರ ಮಾತು ಇದು? ನಿಮ್ಮದಲ್ಲ.' ಕೊನೆಯ ಪುಟದಲ್ಲಿ, 'ಓದಿದ್ದು ಹೆಚ್ಚು, ಯೋಚಿಸಿದ್ದು ಇಲ್ಲ.'

ಯಾರು ಇವನು? ಇವನಿಗೆಷ್ಟು ಬಂದಿತ್ತು?

ಅಮ್ಮ ಉಪ್ಪಿಟ್ಟು ತಂದಿಟ್ಟು ಕೇಳಿದಳು, "ಎಷ್ಟು ಬಂತೇ?" ಇನ್ನೂ ಕೊಟ್ಟಿಲ್ಲ ಅಂದೆ. "ಇದೇ ಕೊನೇ ಸಲ ಅಲ್ವಾ, ಹುಷಾರಾಗಿ ಬರಿ." ಮೊದಲ ಸಲ ಹುಷಾರಿಲ್ಲದೆ ಬರೆದಿದ್ದೆ ಅನ್ನೋ ಹಾಗೆ. ಆರನೆಯದು, ಕೊನೆಯದು, ಇದರ ಮೇಲೆ ಇಲ್ಲ — ಕುಮಾರಸ್ವಾಮಿ ಲೇಔಟಿನ ಅರ್ಧ ಜನಕ್ಕೆ ಗೊತ್ತಿದೆ. 'ಮೀನಾಕ್ಷಮ್ಮನವರ ಮಗಳು ಇನ್ನೂ ಓದುತ್ತಿದ್ದಾಳೆ' ಅಂತ ಅಮ್ಮನ ಹೆಸರು ಹಿಡಿದೇ ಹೇಳುತ್ತಾರೆ.

ಜುಲೈ 6, ಭಾನುವಾರ

ಎರಡನೇ ಟೆಸ್ಟ್. ಆಮೇಲೆ ಜ್ಯೂಸ್ ಅಂಗಡಿಯ ಮುಂದೆ ಸುಮೇಧ. ಚಿಕ್ಕಲಸಂದ್ರದವನು, ಇಪ್ಪತ್ತೈದು ವರ್ಷ, ಇಂಜಿನಿಯರಿಂಗ್ ಮುಗಿಸಿ ಎಕನಾಮಿಕ್ಸ್ ತಗೊಂಡವನು, ಎರಡನೇ ಸಲಕ್ಕೇ ಪ್ರಿಲಿಮ್ಸ್ ಪಾಸು. ಬಾದಾಮಿ ಹಾಲು ಹಿಡಿದುಕೊಂಡು ಪಕ್ಕದವನಿಗೆ ಪಾಠ. "ಮಗಾ, ಎಲ್ಲಾ ಬಿಡು. ಅಕ್ಷಕ್ಕೆ ಹೆಸರು ಹಾಕು ಮೊದ್ಲು."

ಹೆಗಲಲ್ಲಿ ನನಗೆ ಕೊಟ್ಟಂಥದೇ ನೀಲಿ ಬ್ಯಾಗ್.

ನನ್ನನ್ನು ನೋಡಿ, "ಅಕ್ಕಾ, ಹೇಗಾಯ್ತು?" ಅಂತ ಹಲ್ಲು ಬಿಟ್ಟ. ಅಕ್ಕ ಅಂತೆ. ಇವನೇ. ಇನ್ಯಾರೂ ಇರಲು ಸಾಧ್ಯವಿಲ್ಲ.

ಜುಲೈ 8

ಲೈಬ್ರರಿಯಲ್ಲಿ ಅವನು ಊಟಕ್ಕೆ ಎದ್ದು ಹೋದಾಗ ನೋಟ್ಸ್ ತೆರೆದೇ ಇತ್ತು. ದೊಡ್ಡ ಅಕ್ಷರ. ಗೆರೆ ಕೂಡುವ ಕಡೆ ಪುಟ್ಟ ಚೌಕ.

27 ಸುಮೇಧ. ನನ್ನನ್ನು ತಿದ್ದುವವನು ಅವನು, ಅವನನ್ನು ತಿದ್ದುವವಳು ನಾನು. ಅವನಿಗೆ ಇದು ಗೊತ್ತಿಲ್ಲ. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಜುಲೈ 10

ಕೋಡ್ 27, ಎರಡನೇ ಟೆಸ್ಟ್ — 94.

ಒಂದೊಂದು ಉತ್ತರದಲ್ಲಿ ಎರಡೆರಡು ಅಂಕ ಕಡಿಮೆ. ಸುಳ್ಳು ಅಂತ ಯಾರೂ ತೋರಿಸಲಾರರು. 'ವಿಸ್ತಾರ ಸಾಲದು' ಅಂತ ಬರೆದರೆ ಆಯಿತು. ಜಗತ್ತಿನ ಯಾವ ಉತ್ತರಕ್ಕೂ ಅದು ಸಲ್ಲುತ್ತದೆ.

ಜುಲೈ 12

ನನಗೆ 79. 'ಹೋದ ವಾರದ್ದೇ ತಪ್ಪು. ಓದುತ್ತೀರಾ ನಾನು ಬರೆದದ್ದನ್ನು?'

ಓದುತ್ತೀನಪ್ಪಾ, ಓದುತ್ತೀನಿ. ನೀನೂ ಓದು.

ಜುಲೈ 17

27ಕ್ಕೆ 76.

ಜುಲೈ 19

ನನಗೆ 71. ಸರಿ.

ಜುಲೈ 23, ಬೆಳಿಗ್ಗೆ

ನಾಲ್ಕನೇ ಟೆಸ್ಟಿನ ಕಂತೆ. ಅದರಲ್ಲಿ ಹದಿನೈದು ಅಂಕದ ಒಂದು ಪ್ರಶ್ನೆ ಇತ್ತು: ಮಾರುಕಟ್ಟೆಯಲ್ಲಿ ಇಬ್ಬರೇ ಮಾರಾಟಗಾರರು, ಒಬ್ಬ ಇನ್ನೊಬ್ಬನ ಲೆಕ್ಕಾಚಾರ ಊಹಿಸಿಕೊಂಡು ಎಷ್ಟು ಸರಕು ತರಬೇಕು ಅಂತ ತೀರ್ಮಾನ ಮಾಡುವ ಪರಿ, ವಿವರಿಸಿ. ನಾನು ಎರಡೂವರೆ ಪುಟ ಸೂತ್ರ ತುಂಬಿಸಿದ್ದೆ.

27 ಒಂದು ಪುಟ ಬರೆದಿದ್ದಾನೆ. ರಸ್ತೆಯ ಈ ಬದಿ ಒಬ್ಬ, ಆ ಬದಿ ಒಬ್ಬ ಎಳನೀರಿನವನು. ಬೆಳಗಿನ ಜಾವ ಮಂಡಿಗೆ ಹೋದಾಗ ಎದುರಿನವನು ಎಷ್ಟು ಗೊನೆ ತರುತ್ತಾನೋ ಕಾಣುವುದಿಲ್ಲ, ನಿನ್ನೆಯದು ನೋಡಿ ಊಹೆ ಮಾಡಬೇಕು. ಆಮೇಲೆ ಗ್ರಾಫ್. ಎರಡು ಗೆರೆ, ಚೌಕ. ನನಗೆ ಐದು ವರ್ಷದಲ್ಲಿ ಅರ್ಥವಾಗದ್ದು ಆ ಒಂದು ಪುಟದಲ್ಲಿ ಅರ್ಥವಾಯಿತು.

ಪಕ್ಕದಲ್ಲಿ ಬರೆದೆ, 'ಉದಾಹರಣೆ ಬಾಲಿಶ. ಇದು ಐಎಎಸ್ ಪರೀಕ್ಷೆ.' ಹದಿನೈದಕ್ಕೆ ನಾಲ್ಕು.

ಒಟ್ಟು 68.

ಆಗಸ್ಟ್ 2

ಹತ್ತು ದಿನ ಏನೂ ಬರೆದಿಲ್ಲ ಇಲ್ಲಿ. ನನಗೆ 74 ಬಂತು. ಮೂರು ಏರಿದೆ. 'ಗ್ರಾಫ್ ಪರವಾಗಿಲ್ಲ' ಅಂತೆ. ಯಾರಿಗೆ ಬೇಕು ಇವನ ಪರವಾಗಿಲ್ಲ!

ಆಗಸ್ಟ್ 8, ಶುಕ್ರವಾರ, ಸಂಜೆ 6.30

ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಸುಮೇಧ ಹಿಡಿದ. ಹಬ್ಬದ ಜನ, ಎಲ್ಲ ಕಡೆ ಬಾಳೆಕಂದು, ಸೇವಂತಿಗೆ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಅಕ್ಕಾ, ಎರಡೇ ನಿಮಿಷ. ಯಾರನ್ನೂ ಕೇಳಿಲ್ಲ, ನಿಮ್ಮನ್ನೇ ಕೇಳೋಣ ಅಂತ."

"ಹೇಳು."

"ನನ್ ಎಕನಾಮಿಕ್ಸ್ ಮಾರ್ಕ್ಸು... 121 ಇದ್ದಿದ್ದು 94, ಆಮೇಲೆ 76, ಈಗ 68. ಓದ್ತಾ ಇದ್ದಷ್ಟೂ ಇಳೀತಿದೆ. ಏನ್ ತಪ್ಪು ಮಾಡ್ತಿದೀನೋ ಗೊತ್ತಾಗ್ತಿಲ್ಲ."

ಕಣ್ಣ ಕೆಳಗೆ ಕಪ್ಪಾಗಿತ್ತು. ಕೈಯಲ್ಲಿ ಬಾದಾಮಿ ಹಾಲಿರಲಿಲ್ಲ.

"ಬ್ಯಾಂಕಲ್ಲಿ ಸೆಲೆಕ್ಟ್ ಆಗಿದೆ ಅಕ್ಕ. ಹದಿನೆಂಟಕ್ಕೆ ಕಲಬುರಗೀಲಿ ಜಾಯಿನ್ ಆಗ್ಬೇಕು. ಆದ್ರೆ ಮೇನ್ಸಿಗೆ ರಜಾ ಕೊಡಲ್ಲ ಅಂದ್ರು. ಅವತ್ತು ಜಾಯಿನ್ ಆಗ್ಲಿಲ್ಲ ಅಂದ್ರೆ ಆ ಕೆಲ್ಸ ಹೋಯ್ತು. ನಮ್ಮಮ್ಮ ನಿನ್ನಿಷ್ಟ ಅಂತಾರೆ. ಮೇನ್ಸ್ ಬರೀಲಾ, ಬೇಡ್ವಾ? ನೀವು ಇಷ್ಟು ವರ್ಷ ನೋಡಿದೀರಾ..."

ಇಷ್ಟು ವರ್ಷ. ಅದೊಂದು ಮಾತು ಆಡದೆ ಇದ್ದಿದ್ದರೆ ಏನು ಹೇಳುತ್ತಿದ್ದೆನೋ.

"ನೋಡಪ್ಪಾ, ಟೆಸ್ಟಲ್ಲೇ ನೂರು ದಾಟದೆ ಇರೋರು ಅಲ್ಲಿ ದಾಟೋದು ಕಷ್ಟ. ಸುಳ್ಳು ಹೇಳಲ್ಲ ನಾನು."

"ಥ್ಯಾಂಕ್ಸ್ ಅಕ್ಕ. ಬೇರೆ ಯಾರೂ ಹಿಂಗೆ ನೇರವಾಗಿ ಹೇಳ್ತಿರ್ಲಿಲ್ಲ," ಅಂದ. ನನ್ನ ಬಸ್ ಬಂತು. ಹತ್ತಿಸಿ ಕೈ ಬೀಸಿದ.

ಅವನಿಗೂ ಗೊತ್ತಾಗಲಿ, 71 ನೋಡಿದ ದಿನ ಅನ್ನ ಹೇಗೆ ಇಳಿಯುತ್ತೆ ಅಂತ.

ಆಗಸ್ಟ್ 10, ಭಾನುವಾರ

ಐದನೇ ಟೆಸ್ಟ್. ಸುಮೇಧ ಬರಲಿಲ್ಲ.

ಆಗಸ್ಟ್ 13, ಬುಧವಾರ, ಮಧ್ಯಾಹ್ನ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಮಾಧವ ಸರ್ ಫೋನ್ ಮಾಡಿ, ತ್ಯಾಗರಾಜನಗರದಲ್ಲಿ ವೆಂಕಟಾಚಲ ಅಂತ ರಿಟೈರ್ಡ್ ಮೇಷ್ಟ್ರಿದ್ದಾರೆ, ಅವರ ಮನೆಯಿಂದ ಒಂದು ಬ್ಯಾಗ್ ತಂದುಕೊಡು ಅಂದರು. ಪ್ರಶ್ನೆಪತ್ರಿಕೆ ತೆಗೆಯುವವರು ಅಂದುಕೊಂಡು ಹೋದೆ. ಅವರ ಹೆಂಡತಿ ಬಾಗಿಲು ತೆಗೆದರು. ಊಟದ ಮೇಜಿನ ತುಂಬ ಪೇಪರ್. ಮೇಷ್ಟ್ರ ಕೈಯಲ್ಲಿ ಕೆಂಪು ಇಂಕಿನ ಪೆನ್ನು. ಮೇಲಿನದು 14. ನನ್ನ ಅಕ್ಷರ, ನನ್ನ ಗ್ರಾಫ್, ಅದರ ಸುತ್ತ ಕೆಂಪು ಸುತ್ತು, ಇಂಕು ಇನ್ನೂ ಒಣಗಿರಲಿಲ್ಲ.

"ಇದನ್ನ... ಮೊದಲಿಂದ ನೀವೇ ನೋಡ್ತಿರೋದಾ ಸಾರ್?"

"ಮೊದಲಿಂದ ನಾನೇ. ಯಾಕೆ?" ಕನ್ನಡಕದ ಮೇಲಿಂದ ನೋಡಿದರು. "ನಿಮ್ಮದಾ?"

ಹೌದು ಅಂದೆ.

"ಕೂತ್ಕೊಳ್ಳಿ. ನಾನು ಬರೆದದ್ದು ನೋಡಿ ಸಿಟ್ಟು ಬಂತಾ?"

"ಬಂತು."

"ಬರ್ಬೇಕು. ಮೂವತ್ನಾಲ್ಕು ವರ್ಷ ಪಾಠ ಮಾಡಿದೀನಿ. 71 ಕೊಟ್ಟಿದ್ದೂ ಜಾಸ್ತೀನೇ. ನಿಮಗೆ ತಲೆ ಇಲ್ಲ ಅಂತಲ್ಲ ಕಣಮ್ಮಾ. ನೀವು ಪ್ರಶ್ನೆ ಓದಲ್ಲ, ನೋಟ್ಸ್ ಖಾಲಿ ಮಾಡ್ತೀರ. ನಾಲ್ಕನೇದ್ರಲ್ಲಿ ಸ್ವಲ್ಪ ಸುಧಾರಿಸಿದೀರಿ. ಯಾರದ್ದೋ ಒಳ್ಳೇ ಪೇಪರ್ ಓದ್ದಂಗಿದೆ."

ಅವರ ಹೆಂಡತಿ ಮಜ್ಜಿಗೆ ತಂದರು. ಕುಡಿದೆನೋ ಇಲ್ಲವೋ ನೆನಪಿಲ್ಲ.

ಸುಮೇಧನ ಬ್ಯಾಗಿನಲ್ಲಿದ್ದದ್ದು ಬೇರೆ ಯಾರದೋ ಪೇಪರ್. ಅವನು ನನ್ನದನ್ನು ಒಂದು ದಿನವೂ ಕಣ್ಣಲ್ಲಿ ನೋಡಿಲ್ಲ.

ಸಂಜೆ 5.00

ಇವತ್ತು ಹದಿಮೂರು. ಅವನು ಜಾಯಿನ್ ಆಗಬೇಕಾದ್ದು ಹದಿನೆಂಟಕ್ಕೆ. ಫೋನ್ ನಂಬರ್ ಇದೆ. ನಾನೇ ತಿದ್ದಿದ್ದು, ಬೇಕಂತಲೇ ಕಡಿಮೆ ಕೊಟ್ಟೆ, ನಿನ್ನದು ನೂರಮೂವತ್ತರ ಪೇಪರ್, ಬರಿ. ಇಷ್ಟೇ ಹೇಳಬೇಕಾದ್ದು.

ಆಗಸ್ಟ್ 14

ಮೆಸೇಜ್ ಟೈಪ್ ಮಾಡಿದೆ. ಅಳಿಸಿದೆ. ಹೇಳಿದರೆ ಅವನು ಮಾಧವ ಸರ್ ಹತ್ತಿರ ಹೋಗುತ್ತಾನೆ. ವಾಟ್ಸಾಪ್ ಗುಂಪಿನಲ್ಲೆಲ್ಲ ಹಾಕುತ್ತಾನೆ. ಪರೀಕ್ಷೆಗೆ ಎಂಟು ದಿನವಿರುವಾಗ ನನಗೆ ಈ ರಾದ್ಧಾಂತ ಬೇಕಾ?

ಆಗಸ್ಟ್ 15

ಬೆಳಿಗ್ಗೆಯಿಂದ ಮೈಕ್. ಓದಲು ಆಗಲಿಲ್ಲ. ಅಂಚೆ ಕಾಗದ ಬರೆಯುವ ಕಾಲವಾಗಿದ್ದರೆ ಚೆನ್ನಾಗಿತ್ತು. ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು.

ಆಗಸ್ಟ್ 16, ರಾತ್ರಿ 8.00

ಅವನದೇ ಮೆಸೇಜ್. 'ಅಕ್ಕಾ, ಇವತ್ತು ರಾತ್ರಿ ಟ್ರೈನ್. ನಿಮಗೆ ಈ ಸಲ ಆಗೇ ಆಗುತ್ತೆ. ನನ್ ನೋಟ್ಸ್ ಬೇಕಿದ್ರೆ ಲೈಬ್ರರಿ ಲಾಕರಲ್ಲಿದೆ, ಕೀ ಗಂಗಯ್ಯ ಅಣ್ಣನ ಹತ್ರ ಇದೆ.'

ಟ್ರೈನ್ ಹೊರಡಲು ಇನ್ನೂ ಹೊತ್ತಿತ್ತು. ಒಂದು ಕಾಲ್ ಮಾಡಿದ್ದರೆ ಹತ್ತದೆ ವಾಪಸ್ ಬರುತ್ತಿದ್ದ.

'ಆಲ್ ದ ಬೆಸ್ಟ್' ಅಂತ ಕಳಿಸಿದೆ. ಭಯ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಭಯ ಅಲ್ಲ. ಒಬ್ಬ ಕಡಿಮೆಯಾದ ಅನ್ನಿಸಿತು. ಅದೂ ಒಳ್ಳೆಯವನು. ಇಲ್ಲಿಯಾದರೂ ನಿಜ ಬರೆಯಬೇಕು.

ಆಗಸ್ಟ್ 19

ಲೈಬ್ರರಿ ಬಾಗಿಲು ಕಾಯುವ ಗಂಗಯ್ಯನ ಹತ್ತಿರ ಲಾಕರ್ ಕೀ ಇಸಕೊಂಡೆ.

ಆಗಸ್ಟ್ 22, ಶುಕ್ರವಾರ

ಮೇನ್ಸ್ ಮೊದಲ ದಿನ, ಪ್ರಬಂಧ ಪೇಪರ್. ಹಾಜರಿ ಹಾಳೆಯಲ್ಲಿ ಎಲ್ಲರ ಫೋಟೋ ಇರುತ್ತದೆ, ನಮ್ಮ ನಮ್ಮ ಫೋಟೋ ಪಕ್ಕ ಸಹಿ ಮಾಡಬೇಕು. ನನಗಿಂತ ಎರಡು ಹೆಸರು ಮೇಲೆ ಸುಮೇಧ. ಫೋಟೋಗೆ ಅಂತ ನೆತ್ತಿಗೆ ಎಣ್ಣೆ ಹಾಕಿ ಬಾಚಿಕೊಂಡಿದ್ದಾನೆ. ಸಹಿಯ ಜಾಗದಲ್ಲಿ ಇನ್ವಿಜಿಲೇಟರ್ ಮೇಡಂ ಕೆಂಪು ಇಂಕಿನಲ್ಲಿ ಗೈರು ಅಂತ ಬರೆದರು.

"ಬೇಗ ಸೈನ್ ಮಾಡಮ್ಮಾ, ಟೈಮಾಗತ್ತೆ," ಅಂದರು.

ಆಗಸ್ಟ್ 27

ಗಣೇಶನ ಹಬ್ಬ. ರಸ್ತೆಯಲ್ಲಿ ಪೆಂಡಾಲ್, ಕಿಟಕಿ ಮುಚ್ಚಿದರೂ ಸದ್ದು. ಅಮ್ಮನ ಮೇಲೆ ಕೂಗಾಡಿದೆ. ಕಡುಬಿನ ತಟ್ಟೆ ಇಟ್ಟು ಹೋದಳು. ಅವನ ನೋಟ್ಸನ್ನು ಮೂರನೇ ಸಲ ಓದುತ್ತಿದ್ದೇನೆ. ನನ್ನ ಐದು ವರ್ಷದ ನೋಟ್ಸ್ ಮಂಚದ ಕೆಳಗಿದೆ. ಅವನ ನೋಟ್ಸಿನ ಹಿಂಬದಿ ರಟ್ಟಿನ ಒಳಗೆ ನಾನು ತಿದ್ದಿದ ನಾಲ್ಕನೇ ಟೆಸ್ಟ್ ಪೇಪರ್ ಸಿಕ್ಕಿತು. 'ಬಾಲಿಶ' ಅನ್ನೋದರ ಕೆಳಗೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದಾನೆ: 'ಸರಿ. ಇನ್ಮೇಲೆ ಉದಾಹರಣೆ ಬೇಡ.'

ಆಗಸ್ಟ್ 31, ಭಾನುವಾರ, ಮಧ್ಯಾಹ್ನ 1.40

ಎಕನಾಮಿಕ್ಸ್ ಪೇಪರ್ ಒಂದು ಮುಗಿಯಿತು. ಎರಡೂವರೆಗೆ ಪೇಪರ್ ಎರಡು. ಕಾಂಪೌಂಡ್ ಹತ್ತಿರ ಮರದ ಕೆಳಗೆ ಕೂತು ಬರೆಯುತ್ತಿದ್ದೇನೆ. ಅಮ್ಮ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ಇನ್ನೂ ತೆರೆದಿಲ್ಲ.

ಬಂದಿತ್ತು. ಇಬ್ಬರೇ ಮಾರಾಟಗಾರರ ಪ್ರಶ್ನೆ. ಹದಿನೈದು ಅಂಕಕ್ಕೇ.

ನನ್ನ ಸೂತ್ರಗಳು ಒಂದೂ ಹತ್ತಿರ ಸುಳಿಯಲಿಲ್ಲ. ಅವನ ಪುಟ ಮಾತ್ರ ಕಣ್ಣ ಮುಂದೆ ನಿಂತಿತ್ತು. ಬರೆದೆ. ರಸ್ತೆಯ ಈ ಬದಿ ಒಬ್ಬ, ಆ ಬದಿ ಒಬ್ಬ. ಗೊನೆಗಳು. ನಿನ್ನೆಯದು ನೋಡಿ ಇವತ್ತಿನದು ಊಹಿಸುವುದು. ಒಂದು ಮಾತೂ ಬಿಡಲಿಲ್ಲ. ಅಕ್ಷಗಳಿಗೆ ಹೆಸರು ಹಾಕಿದೆ. ಗೆರೆ ಕೂಡುವ ಕಡೆ ಕೈ ತಾನಾಗಿ ಪುಟ್ಟ ಚೌಕ ಬರೆಯಿತು.

ಚೆನ್ನಾಗಿ ಬಂದಿದೆ. ಆರು ಸಲದಲ್ಲಿ ನಾನು ಬರೆದ ಒಳ್ಳೆಯ ಉತ್ತರ ಅದೊಂದೇ. ತಿದ್ದುವವರು ಯಾರೋ, ಅವರು ನನ್ನಂಥವರಲ್ಲದಿದ್ದರೆ ಹತ್ತು ಖಂಡಿತ ಕೊಡುತ್ತಾರೆ.

ಬೆಲ್ ಆಗಲು ಇನ್ನೂ ಸ್ವಲ್ಪ ಹೊತ್ತಿದೆ. ಭಾನುವಾರ, ಬ್ಯಾಂಕಿಗೆ ರಜಾ. ಅವನು ರೂಮಿನಲ್ಲೇ ಇರುತ್ತಾನೆ. ಫೋನ್ ಗೇಟಿನಲ್ಲಿದೆ, ಟೋಕನ್ ಕೊಟ್ಟರೆ ಕೊಡುತ್ತಾರೆ. ಹೋಗಿ ಇಸಕೊಂಡು, ಸುಮೇಧ, ಆ ನಾಲ್ಕು ಅಂಕ ಕೊಟ್ಟವಳು ನಾ—

ಬೆಲ್ ಆಯಿತು.