ಮೂರು ಸಲ ಮಡಿಸಿದ ಅಂಗಿ

ಮಾರ್ಚ್ ೧೪, ಶುಕ್ರವಾರ

ಇವತ್ತಿನ ಪರೀಕ್ಷೆಯ ನಾಟಕದಲ್ಲಿ ದೀಪದ ಹೊಣೆ ನನ್ನದು. ಕೊನೆಗೆ ತಾಯಿಯ ಪಾತ್ರ ಮಾಡಿದ್ದ ನನ್ನ ಗೆಳತಿ ಮಗನ ಅಂಗಿ ಮಡಿಸಿಟ್ಟ ಕೂಡಲೇ ರಂಗ ಕತ್ತಲಾಗಬೇಕಿತ್ತು. ಅವಳನ್ನು ನೋಡುತ್ತಾ ಅಳು ಬಂದು, ಗುಂಡಿ ಒತ್ತುವುದನ್ನೇ ಮರೆತೆ. ಪಾಪ, ಅದೇ ಅಂಗಿಯನ್ನು ಬಿಡಿಸಿ ಮತ್ತೆ ಮಡಿಸಿದಳು. ಮೂರು ಸಲ.

ಆಮೇಲೆ ಮೇಷ್ಟ್ರು ಎಲ್ಲರೆದುರು ಅವಳ ಮೇಲೆ ರೇಗಿದರು: "ಸೀನ್ ಹಂಗೆ ಎಳಿ ಅಂತ ಯಾರಮ್ಮಾ ಹೇಳಿದ್ದು? ಮಾರ್ಕ್ಸ್ ಹೋಯ್ತು ನೋಡು!"

"ತಪ್ಪಾಯ್ತು ಸರ್" ಅಂದಳು, ನನ್ನತ್ತ ನೋಡದೆ. ನಾನು ವೈರು ಸುತ್ತುತ್ತಲೇ ಇದ್ದೆ.

ಹಾಸ್ಟೆಲ್ ದಾರಿಯಲ್ಲಿ ಅವಳೇ ಕೇಳಿದಳು: "ಅಳ್ತಿದ್ಯಂತೆ? ಅಷ್ಟು ಚೆನ್ನಾಗ್ ಮಾಡಿದ್ನೇನೇ ನಾನು?"

ನಾಳೆ ಒಪ್ಪಿಸುವ ವರದಿಯಲ್ಲಿ 'ದೀಪಗಳೆಲ್ಲ ಸಮಯಕ್ಕೆ ಸರಿಯಾಗಿ ಆರಿದವು' ಎಂದು ಬರೆದಾಗಿದೆ. ಅದನ್ನು ಹೊಡೆದುಹಾಕಲೆಂದು ಪೆನ್ನೆತ್ತಿಕೊಂಡವಳು, ಇಲ್ಲಿ ಬರೆಯುತ್ತಾ ಕೂತಿದ್ದೇನೆ.