ನಾವುಂದದ ಬಿಳಿ ಕೇಪಳ

24-4-2011, ಭಾನುವಾರ. ಬೆಳಿಗ್ಗೆ 6.30

ಇವತ್ತು ಹದಿನೇಳು ಗೊಂಚಲು ಹೂ. ನಿನ್ನೆ ಹದಿನಾಲ್ಕು. ಎರಡು ಸಲ ಎಣಿಸಿದೆ, ತಪ್ಪಿಲ್ಲ. ಕೆಂಪು ಕೇಪಳ ಊರಲ್ಲಿ ಯಾರ ಬೇಲಿಯಲ್ಲೂ ಸಿಕ್ಕೀತು. ಬಿಳಿ ಬೇಕಾದರೆ ಈ ಮುತ್ತನ ಅಂಗಳಕ್ಕೇ ಬರಬೇಕು.

ಸೊಂಟ ಕೆಟ್ಟು ಬೋಟು ಬಿಟ್ಟ ವರ್ಷ ಸಾಲಿಗ್ರಾಮದ ಕೃಷ್ಣಯ್ಯ ಭಟ್ಟರು ತಮ್ಮ ಗಿಡದ ಒಂದು ಗೆಲ್ಲು ಕೊಟ್ಟಿದ್ದರು. ಈಗ ನನ್ನ ಎದೆಮಟ್ಟ. ಮೂವತ್ತು ವರ್ಷ ಬಲೆ ಎಳೆದ ಕೈ ಇದು. ಈ ಕೈಯಲ್ಲಿ ಒಂದು ಜೀವ ಬೆಳೆಯಿತು. ಹೆಮ್ಮೆ ಇದೆ, ಸುಳ್ಳು ಯಾಕೆ?

ಹೆಂಡತಿ ಸೀತು ಮೀನಿನ ಬುಟ್ಟಿ ತಲೆಗೇರಿಸುತ್ತಾ, "ಹ್ವಾಯ್, ಹೂ ಎಣ್ಸಿ ಆಯ್ತಾ? ಆರೆ ಗಂಜಿಗೆ ಅಕ್ಕಿ ಹಾಕಿ" ಅಂದಳು. ಅವಳಿಗೆ ಹೊಟ್ಟೆಕಿಚ್ಚು.

8-5-2011, ಭಾನುವಾರ

ಮಳಿ ಸುಕ್ಕ, ಚಿಪ್ಪುಮೀನಿನ ಪಲ್ಯ. ಭರ್ಜರಿ ಊಟ. ಒಂದು ಬಕೆಟ್ ಚಿಪ್ಪು ಉಳಿಯಿತು. ಕೇಪಳದ ಸುತ್ತ ವೃತ್ತವಾಗಿ ಜೋಡಿಸಿದೆ. ಮಿಕ್ಕಿದ್ದನ್ನು ಜಜ್ಜಿ ಬುಡಕ್ಕೆ ಹೂತೆ. ಕಡಲಿನ ಸಾರ, ಇದಕ್ಕಿಂತ ಗೊಬ್ಬರ ಬೇಕೇ! ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಇನ್ನು ಮಳಿ ತಂದಾಗಲೆಲ್ಲ ಚಿಪ್ಪು ಇಲ್ಲಿಗೇ.

9-11-2011

ಭಟ್ಟರ ಫೋನ್. ದನಿ ಬಿದ್ದಿತ್ತು.

"ರಸ್ತೆ ಅಗ್ಲ ಮಾಡುಕೆ ನಮ್ಮ ಅಂಗ್ಳ ಹೋಯ್ತ್ ಮುತ್ತ. ಕೇಪಳವೂ ಹೋಯ್ತ್. ನಾನ್ ಊರಗಿರ್ಲಿಲ್ಲೆ. ಇನ್ನ್ ನಿನ್ನಲ್ಲಿಪ್ದ್ ಒಂದೇ. ಹ್ಯಾಂಗಿತ್ತ್?"

"ಚಂದ ಇತ್ತ್ ಭಟ್ರೆ."

ಚಂದ ಇಲ್ಲ. ತಿಂಗಳಿಂದ ಎಲೆ ಹಳದಿ. ನರ ಮಾತ್ರ ಹಸಿರು. ನನ್ನ ಗಿಡಕ್ಕೆ ಕೇಡು ಅನ್ನಲು ನಾಲಿಗೆ ಏಳಲಿಲ್ಲ.

27-11-2011

ತುದಿ ಎಲೆ ಸುಟ್ಟ ಹಾಗಿದೆ. ಇನ್ನೆರಡು ಬುಟ್ಟಿ ಚಿಪ್ಪು ಜಜ್ಜಿ ಹಾಕಿದೆ. ನಿದ್ದೆ ಇಲ್ಲ. ನಡುಗಡಲಲ್ಲಿ ಇಂಜಿನ್ ನಿಂತಾಗಲೂ ಇಷ್ಟು ಹೆದರಿದವನಲ್ಲ... ಇದು ಸತ್ತರೆ ಭಟ್ಟರ ಬಿಳಿ ಕೇಪಳದ ವಂಶವೇ ಮುಗಿಯಿತು. ನನ್ನ ಕೈಯಲ್ಲಿ.

11-12-2011, ಭಾನುವಾರ

ಸೀತು ಇವತ್ತು ಗಿಡದ ಬುಡ ಕೆದಕಿ ನೋಡಿದಳು.

"ಇಷ್ಟ್ ಚಿಪ್ ಎಂತಕೆ ಹಾಕ್ದ್ರಿ?"

"ಗೊಬ್ಬರ."

"ಚಿಪ್ ಸುಟ್ರೆ ಎಂತ ಆತ್ತ್?"

"ಸುಣ್ಣ."

"ಹಾಂಗಾರೆ ಗಿಡಕ್ಕೆ ಎಂತ ತಿನ್ಸಿದ್ರಿ? ನಮ್ಮಪ್ಪಯ್ಯನ ಸುಣ್ಣದ ಗೂಡಿನ್ ಹತ್ರ ಒಂದ್ ಕೇಪಳ ಬದ್ಕ್ತಿರ್ಲಿಲ್ಲೆ. ಬೆಣ್ಣಿ ಅಂದೇಳಿ ಸುಣ್ಣ ಹಾಕ್ದ್ರಿ!"

ಸಿಟ್ಟು ಬಂತು, ಅವಳ ಮೇಲಲ್ಲ.

12-12-2011

ಬೆಳಿಗ್ಗೆ ಎದ್ದು ನೋಡಿದರೆ ಅವಳೇ ಹಾರೆ ಹಿಡಿದಿದ್ದಾಳೆ. ವ್ಯಾಪಾರಕ್ಕೆ ಹೋಗಲಿಲ್ಲ. ನನಗೆ ಬಗ್ಗಲಾಗದು, ಕೂತು ಚಿಪ್ಪು ಹೆಕ್ಕಿದೆ. ಒಂಬತ್ತು ಬುಟ್ಟಿ! ಗುಡ್ಡೆಯ ಕೆಂಪು ಮಣ್ಣು, ಕೊಳೆತ ಗೇರೆಲೆ, ಮೇಲಿಂದ ಹುಳಿ ಮಜ್ಜಿಗೆ ನೀರು. ಎಲ್ಲ ಅವಳದೇ ಯೋಚನೆ. ನಾನು ಹೂಂ ಅಂದೆ, ಅಷ್ಟೇ.

3-1-2012

ಎಲೆ ಉದುರುತ್ತಿದೆ. ಬರೆಯಲು ಮನಸ್ಸಿಲ್ಲ.

19-2-2012, ಭಾನುವಾರ

ಎರಡು ಚಿಗುರು. ಹಸಿರು. ಅಪ್ಪಟ ಹಸಿರು! ಸೀತುವನ್ನು ಕೂಗಿ ಕರೆದೆ. ಊಟ ಎರಡು ಸಲ ಮಾಡಿದೆ.

10-6-2012, ಭಾನುವಾರ. ಮಧ್ಯಾಹ್ನ

ಭಟ್ಟರು ಬಂದಿದ್ದರು. ಮಳೆಯಲ್ಲಿ, ಕೊಡೆ ಹಿಡಿದು. ನೆಡಲು ಗೆಲ್ಲು ಬೇಕಂತೆ. ಗಿಡದಲ್ಲಿ ಐದೇ ಗೊಂಚಲು, ಆದರೆ ಎಲೆ ನೋಡಬೇಕು, ಎಣ್ಣೆ ಹಚ್ಚಿದ ಹಾಗೆ. ತುಂಬ ಹೊತ್ತು ಮುಟ್ಟುತ್ತಾ ನಿಂತರು.

"ನಮ್ಮಲ್ಲಿದ್ದದ್ದೂ ಹೀಂಗಿರ್ಲಿಲ್ಲೆ ಮಾರಾಯ. ನಿನ್ನ ಕೈಗುಣ."

ಹೌದು ಅನ್ನಲು ಬಾಯಿ ತೆರೆದೆ. ಜಗಲಿಯಲ್ಲಿ ಸೀತು ಒಣಮೀನು ಕಟ್ಟುತ್ತಿದ್ದಳು. ತಲೆ ಎತ್ತಲಿಲ್ಲ.

"ನನ್ನದಲ್ಲ ಭಟ್ರೆ. ನಾನ್ ಸುಣ್ಣ ತಿನ್ಸಿ ಕೊಲ್ಲುಕೆ ಹೊರ್ಟವ. ಫೋನಗೆ ಸುಳ್ಳ್ ಹೇಳ್ದೆ. ಬದ್ಕ್ಸಿದ್ದ್ ಅವ್ಳ್."

ಹೇಳಿದ್ದೇ ಎದೆ ಉಬ್ಬಿತು. ಇಂಥ ಹೆಮ್ಮೆ ಗಿಡ ಹೂ ಬಿಟ್ಟಾಗಲೂ ಆಗಿರಲಿಲ್ಲ.

ಭಟ್ಟರು ನನ್ನನ್ನು ಬಿಟ್ಟು ಅವಳ ಕಡೆ ತಿರುಗಿದರು. "ಸೀತು, ಒಂದ್ ಗೆಲ್ಲ್ ಕೊಡ್ತ್ಯಾ?"

ಎದ್ದಳು. ಕೈ ತೊಳೆದಳು, ಸೆರಗಿಗೆ ಒರೆಸಿದಳು, ಮತ್ತೆ ತೊಳೆದಳು. ಮೂರು ಗೆಲ್ಲು ಅವಳೇ ಕೊಯ್ದು ಕೊಟ್ಟಳು.

ಈಗ ಬಂದು ಬೆನ್ನ ಹಿಂದೆ ನಿಂತಿದ್ದಾಳೆ. ಓದಲು ಬಾರದು ಅವಳಿಗೆ. "ಹ್ವಾಯ್, ಇವತ್ತಿನ್ದ್ ಬರ್ದ್ರ್ಯಾ? ನನ್ನ ಹೆಸ್ರ್ ಎಲ್ಲಿತ್ತ್?" ಅನ್ನುತ್ತಾಳೆ. ತೋರಿಸಿದೆ. ಸಣ್ಣದಾಯಿತಂತೆ. ಇರಲಿ, ದೊಡ್ಡದಾಗಿ ಬರೆಯುತ್ತೇನೆ, ಅವಳೇ ಬೆರಳಿಟ್ಟು ನೋಡಲಿ —

ಸೀತು