ಬಾನೆಟ್ಟಿಗೆ ಕಿಟಕಿ

ಮಾರ್ಚ್ 4, ಸೋಮವಾರ. ಪಾತ್ರೆ ತೊಳೆದಾದ ಮೇಲೆ

ಕೂಸು, ಹೇಗಿದ್ದೀಯೆ? ನಿಮ್ಮ ಯಜಮಾನರ ಮಂಡಿ ಈಗ ಮಡಚುತ್ತದೆಯೇ? ಗುಂಡನ ಕೆಮ್ಮು? ಪುಟ್ಟಿಯ ಹಲ್ಲು?

ನೋಡು, ಡೈರಿ ಅಂತ ತೆರೆದರೂ ಕಾಗದವೇ ಆಗಿಬಿಡುತ್ತದೆ. ತಂಗಿಗೆ ಬರೆದು ಬರೆದು ಅಭ್ಯಾಸವಾದ ಕೈ, ಕುಶಲ ಕೇಳದೆ ಮುಂದೆ ಓಡುವುದಿಲ್ಲ. ಇದನ್ನು ನಿನಗೆ ಕಳಿಸುವುದಿಲ್ಲ. ಕಳಿಸಿದರೆ ಸುಮ್ಮನೆ ಗಾಬರಿಯಾಗುತ್ತೀ.

ಕಳೆದ ಗುರುವಾರ ಆಸ್ಪತ್ರೆಗೆ ಹೋಗಲಾಗಲಿಲ್ಲ. ಗುಡ್ಡದ ಏರಿನ ಅರ್ಧದಲ್ಲೇ ಗಾಡಿ ಕುದಿಯಿತು. ಬಾನೆಟ್ ಸಂದಿಯಿಂದ ಬುಸ್ಸೆಂದು ಹಬೆ. ನಿನ್ನ ಭಾವನನ್ನು ಕೂರಿಸಿಕೊಂಡು ರಸ್ತೆ ಬದಿಯಲ್ಲಿ ನಿಂತೆ. ನಿಂತಿದ್ದು ಆಯಿತು, ವಾಪಸ್ಸು ಇಳಿದಿದ್ದೂ ಆಯಿತು.

ಟ್ಯಾಕ್ಸಿ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಲಕ್ವ ಹೊಡೆದ ಬಲಗಾಲು ಮಡಚದೆ ಇದ್ದರೆ ಟ್ಯಾಕ್ಸಿಯೊಳಗೆ ಮನುಷ್ಯನನ್ನು ತುರುಕುವುದು ಹೇಗೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ನಮ್ಮ ಮೂರು ಚಕ್ರದ್ದಕ್ಕೆ ಬಾಗಿಲೇ ಇಲ್ಲ. ಕಾರಿನ ಹಾಗೆ ಮುಂದೆ ಎಂಜಿನ್ನು, ಮುಂದೆ ಎರಡು ಚಕ್ರ, ಹಿಂದೆ ಒಂದು, ತಗ್ಗಿನ ಸೀಟು. ಕೂತು, ಜಾರಿ, ಕಾಲು ನೀಡಿದರೆ ಮುಗಿಯಿತು. ಇವರೇ ಇಷ್ಟಪಟ್ಟು ಕೊಂಡ ಗಾಡಿ. ಓಡಿಸಲು ನಾನು ಕಲಿತದ್ದು ಇವರು ಹಾಸಿಗೆ ಹಿಡಿದ ಮೇಲೆ.

ಮಾರ್ಚ್ 7, ಗುರುವಾರ

ಬೇಗ ಹೊರಟೆವು. ಏರಿನಲ್ಲಿ ಅಲ್ಲಲ್ಲಿ ನಿಲ್ಲಿಸಿ ಎಂಜಿನ್ ಆರಿಸಿಕೊಂಡು ಹೋದೆವು. ತಲುಪುವಾಗ ನಮ್ಮ ಹೊತ್ತು ಅರ್ಧ ಮುಗಿದಿತ್ತು. ಮಾತು ಕಲಿಸುವ ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಮ್ಮಾ, ಕಾಯ್ತಾ ಇರೋರು ತುಂಬ ಜನ ಇದ್ದಾರೆ. ಮುಂದಿನ ಗುರುವಾರ ಟೈಮಿಗೆ ಬಂದ್ಬಿಡಿ. ಇಲ್ಲಾಂದ್ರೆ ಈ ಜಾಗ ಉಳಿಸೋಕೆ ನನ್ನ ಕೈಲಾಗಲ್ಲ.”

ಇವರು ಪಕ್ಕದಲ್ಲೇ ಇದ್ದರು. “ಆಯ್ತು” ಅಂದರು.

ಅದೊಂದೇ ಮಾತು ಉಳಿದಿರುವುದು. ನೀರು ಬೇಕಾದರೂ ಆಯ್ತು, ನೋವಾದರೂ ಆಯ್ತು, ಟಿವಿ ಆರಿಸು ಅನ್ನುವುದಕ್ಕೂ ಆಯ್ತು. ಜಾಗ ಹೋದರೆ ಈ ಒಂದು ಮಾತಿನಲ್ಲೇ ಮುಂದಿನದೆಲ್ಲ ಕಳೆಯಬೇಕು. ಇವರೂ. ನಾನೂ.

ಮಾರ್ಚ್ 8

ನಮ್ಮ ಬೀದಿಯ ಬೀಗದ ಅಂಗಡಿಯವನು ಬಂದು ಗಾಡಿ ನೋಡಿದ. ಹತ್ತು ಗಾಡಿ ಬಿಚ್ಚಿ ಒಂಬತ್ತು ಜೋಡಿಸಿದವನು ಅಂತ ಅವನ ಹೆಂಡತಿಯೇ ಹೇಳುತ್ತಾಳೆ. ಆದರೂ ತಿಳಿದವನು.

“ರೇಡಿಯೇಟರ್ ಸರಿಯಿದೆ, ಫ್ಯಾನ್ ಸರಿಯಿದೆ. ಒಳಗಿನ ಬಿಸಿಗೆ ಹೋಗೋಕೆ ದಾರಿಯಿಲ್ಲ ಅಮ್ಮಾ. ಎಂಜಿನ್ನಿಂದ ಹೊರಡೋ ಹೊಗೆಪೈಪಿನ ನೆತ್ತಿ ಮೇಲೆ ಬಾನೆಟ್ಟಿಗೊಂದು ಕಿಟಕಿ ಇಟ್ಬಿಡಿ. ವೆಂಟ್ ಅಂತ ಸಿಗುತ್ತೆ.”

“ಇಟ್ಟುಕೊಡ್ತೀಯಾ?”

“ನಾಳೆಯಿಂದ ಕೈತುಂಬ ಕೆಲಸ, ಹಗಲು ಅಂಗಡಿ ಬಿಟ್ಟು ಅಲ್ಲಾಡೋ ಹಾಗಿಲ್ಲ. ಗರಗಸದ ಮೆಷಿನ್ ಬೇಕಾದ್ರೆ ಒಯ್ಯಿರಿ. ಕೆಲಸ ಆದ್ಮೇಲೆ ಬೆರಳು ಮಾತ್ರ ಎಣಿಸ್ಕೊಳ್ಳಿ.”

ಬಿಡಿಭಾಗದ ಅಂಗಡಿಯಲ್ಲಿ ವೆಂಟ್ ಸಿಕ್ಕಿತು. ಅಲ್ಯೂಮಿನಿಯಂದು, ಕಿಟಕಿಯ ಹಲಗೆಗಳ ಹಾಗೆ ಓರೆಪಟ್ಟಿ. ಜೊತೆಗೆ ಕೊಟ್ಟ ಅಳತೆ ಕಾಗದ ಬೇರೆ ಯಾವುದೋ ಗಾಡಿಯದು. ಇರಲಿ. ಜನ್ಮವಿಡೀ ಬಟ್ಟೆ ಕತ್ತರಿಸಿದವಳಿಗೆ ಇನ್ನೊಬ್ಬರ ಪ್ಯಾಟರ್ನ್ ಯಾಕೆ?

ರಾತ್ರಿ ಮಗಳ ಫೋನು.

“ಅಮ್ಮಾ, ನೀನು ಟೈಲರು. ಮೆಕ್ಯಾನಿಕ್ ಅಲ್ಲ.”

“ಎರಡಕ್ಕೂ ಅಳತೆ ಮುಖ್ಯ ಕಣೆ.”

“ಅಪ್ಪ ಏನಂದ್ರು?”

“ಆಯ್ತು ಅಂದ್ರು.”

“ಅವರು ಎಲ್ಲಕ್ಕೂ ಆಯ್ತು ಅಂತಾರಮ್ಮ…”

ಫೋನಿಟ್ಟು ಹೊಲಿಗೆ ಪೆಟ್ಟಿಗೆಯಿಂದ ಕಂದು ಕಾಗದ ಹುಡುಕಿ ತೆಗೆದೆ.

ಮಾರ್ಚ್ 10, ಭಾನುವಾರ

ಬಾನೆಟ್ ಬಿಚ್ಚಿದೆ. ಫೈಬರ್, ಹಗುರ, ಒಬ್ಬಳೇ ಎತ್ತಬಹುದು. ಎಂಜಿನ್ ಮೇಲೆ ಕಂದು ಕಾಗದ ಬಿಗಿದು ಹಾಸಿ, ಅಂಚು ಮಡಚಿ, ಹೊಗೆಪೈಪು ಎಲ್ಲಿ ಬರುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿದೆ. ಪೈಪು ಎಡಗಡೆ. ಬಲಗಡೆ ಬ್ಯಾಟರಿ. ಕುಪ್ಪಸಕ್ಕೆ ಕಂಕುಳ ಅಳತೆ ತೆಗೆದಷ್ಟು ಜೋಪಾನವಾಗಿ ತೆಗೆದಿದ್ದೇನೆ. ಕೈಗೆ ಎಷ್ಟು ದಿನದ ಮೇಲೆ ಕೆಲಸ ಸಿಕ್ಕಿತು…

ಮಾರ್ಚ್ 11, ಸೋಮವಾರ

ಕೆಡಿಸಿದೆ.

ಮೊದಲಿಂದ ಬರೆಯುತ್ತೇನೆ. ಊಟದ ಮೇಜಿನ ಮೇಲೆ ಹಳೇ ಹಾಸಿಗೆ ಬಟ್ಟೆ ಹಾಸಿ, ಬಾನೆಟ್ ಬೋರಲು ಹಾಕಿದೆ. ಒಳಮೈಯಲ್ಲಿ ಪಕ್ಕೆಲುಬಿನ ಹಾಗೆ ಪಟ್ಟಿಗಳಿವೆ, ಅವು ತುಂಡಾಗಬಾರದು, ಅದಕ್ಕೆ. ಬಟ್ಟೆಗೂ ಒಳಮೈಗೇ ಅಲ್ಲವೇ ಗುರುತು ಹಾಕುವುದು. ಕಾಗದ ಹಾಸಿದೆ, ಅದರ ಮುಂದಿನ ಅಂಚನ್ನು ಬಾನೆಟ್ಟಿನ ಮೂತಿಗೆ ಸೇರಿಸಿದೆ, ಗೆರೆ ಎಳೆದೆ.

ಇವರು ಬಾಗಿಲ ಹತ್ತಿರ ಕುರ್ಚಿಯಲ್ಲಿದ್ದರು. “ಆಯ್ತು. ಆಯ್ತು.” ಎಡಗೈ ಮುಂದೆ ಚಾಚಿ ಅಂಗೈಯನ್ನು ಮಗುಚಿದರು. ಮತ್ತೆ ಮಗುಚಿದರು.

“ಹೊರಳ್ಬೇಕಾ? ಬೆನ್ನು ನೋಯ್ತಿದೆಯಾ?”

“ಆಯ್ತು ಆಯ್ತು ಆಯ್ತು!”

“ಆಯ್ತೂರೀ, ಬಂದೆ. ಒಂದು ಕೆಲಸ ಮಾಡೋಕೆ ಬಿಡಲ್ಲ ನೀವು.”

ಒಳಗೆ ಕರೆದುಕೊಂಡು ಹೋಗಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಬಾಗಿಲು ಮುಂದೆ ಮಾಡಿ ಬಂದೆ. ಮೆಷಿನ್ ಸದ್ದಿಗೆ ತಲೆನೋವಾದೀತು ಅಂತ. ಒಳಗಿನಿಂದ ಆಯ್ತು ಆಯ್ತು ಕೇಳುತ್ತಲೇ ಇತ್ತು. ಮೆಷಿನ್ ಹಾಕಿದ ಮೇಲೆ ಕೇಳಲಿಲ್ಲ.

ಮೂಲೆಗಳಿಗೆ ತೂತು, ಬಿರುಕು ಬಿಡದ ಹಾಗೆ ಮೇಲ್ಮೈಗೆ ಅಂಟುಟೇಪು, ಆಮೇಲೆ ಗರಗಸ. ಎಂಥಾ ನೀಟಾದ ಕಟಿಂಗು! ಖುಷಿಯಲ್ಲಿ ಬಾನೆಟ್ ಎತ್ತಿ ಗಾಡಿ ಮೇಲೆ ಇಟ್ಟು ನೋಡುತ್ತೇನೆ — ಕಿಟಕಿ ಬ್ಯಾಟರಿ ಮೇಲಿದೆ. ಬಲಗಡೆ.

ಕಾಗದವನ್ನು ಗುರುತು ಮೇಲಾಗಿ ಹಾಸಿದ್ದೆ. ಬೋರಲು ಬಿದ್ದ ಬಾನೆಟ್ಟಿಗೆ ಕಾಗದವೂ ಬೋರಲಾಗಬೇಕಿತ್ತು. ಇಷ್ಟು ವರ್ಷ ಎರಡು ಮಡಿಕೆ ಬಟ್ಟೆ ಕತ್ತರಿಸಿದವಳು ನಾನು. ಮಡಚಿ ಕತ್ತರಿಸಿದರೆ ಎಡವೂ ಬಲವೂ ಒಟ್ಟಿಗೆ ಬರುತ್ತವೆ. ಯಾವುದು ಯಾವುದು ಅಂತ ಯೋಚಿಸುವ ಪ್ರಸಂಗವೇ ಬಂದಿರಲಿಲ್ಲ. ಬಾನೆಟ್ಟು ಒಂದೇ ಮಡಿಕೆ.

ಅಂಗೈ ಮಗುಚಿದ್ದು ಅದಕ್ಕೆ. ಕಾಗದ ಮಗುಚು ಅಂತ.

ಒಳಗೆ ಹೋದೆ. ಗೋಡೆ ಕಡೆ ಮುಖ ಮಾಡಿದ್ದರು. ನಾನೇ ಹಾಗೆ ಮಲಗಿಸಿದ್ದು. ತಾವಾಗಿ ಈ ಕಡೆ ಹೊರಳಲು ಅವರಿಗೆ ಆಗುವುದಿಲ್ಲ.

ಮಾರ್ಚ್ 12

ಅಡುಗೆ ಮಾಡಿದೆ. ಬಟ್ಟೆ ಒಗೆದೆ. ಬಾನೆಟ್ ಇರುವ ಕಡೆ ಹೋಗಲಿಲ್ಲ.

ಮಾರ್ಚ್ 13, ಬುಧವಾರ. ಬೆಳಗ್ಗೆ

ಕಾಫಿ ಕೊಡುವಾಗ ಇವರು ಲೋಟ ತೆಗೆದುಕೊಳ್ಳಲಿಲ್ಲ. ನನ್ನ ಕೊರಳಲ್ಲಿದ್ದ ಅಳತೆ ಟೇಪು ಹಿಡಿದು ಜಗ್ಗಿದರು. ಬಾಗಿಲಾಚೆ ಬಾನೆಟ್ ಇರುವ ಕಡೆ ನೋಡಿದರು.

ಹೋಗುತ್ತೇನೆ.

ಅದೇ ದಿನ, ಸಂಜೆ

ಕುರ್ಚಿಯನ್ನು ಮೇಜಿಗೇ ತಾಗಿಸಿ ಕೂರಿಸಿದೆ. ಕಾಗದ ನಾನು ಮುಟ್ಟಲಿಲ್ಲ, ಅವರ ಕೈಗೇ ಕೊಟ್ಟೆ. ಎಡಗೈಯಲ್ಲೇ ಮಗುಚಿ ಹಾಕಿದರು. ಸರಿಸಿದರು. ಇನ್ನೂ ಒಂಚೂರು ಸರಿಸಿದರು. ನಾನು ಗೆರೆ ಎಳೆಯುವಾಗ ಅಂಗೈಯಿಂದ ಒತ್ತಿ ಹಿಡಿದಿದ್ದರು.

“ಇಲ್ಲಿ?” ಅಂತ ಬೆರಳಿಟ್ಟು ಕೇಳುವುದು, ಮುಖ ನೋಡುವುದು. ಬಾಯಿ ಆಯ್ತು ಅಂತಿತ್ತು, ನಾನು ಹುಬ್ಬು ನೋಡುತ್ತಿದ್ದೆ. ಮೊದಲೇ ಹೀಗೆ ಕೇಳಬಹುದಿತ್ತು. ಮಾತಿಲ್ಲದವರಿಗೆ ಅಭಿಪ್ರಾಯವೂ ಇಲ್ಲ ಅಂತ ಯಾವಾಗಿಂದ ಅಂದುಕೊಂಡೆನೋ.

ವೆಂಟಿನ ಪಟ್ಟಿಗಳ ಬಾಯಿ ಯಾವ ಕಡೆ ಅಂತಲೂ ಅವರೇ ತೋರಿಸಿದರು. ಹಿಂದಕ್ಕೆ, ಗಾಜಿನ ಕಡೆಗೆ. ಗಾಡಿ ಓಡುವಾಗ ಗಾಳಿ ಮೇಲಿಂದ ಹಾಯ್ದು ಒಳಗಿನ ಬಿಸಿಯನ್ನು ಎಳೆದುಕೊಂಡು ಹೋಗಲಿ ಅಂತ. ನಾನಾಗಿದ್ದರೆ ಗಾಳಿ ಕುಡಿಯಲಿ ಅಂತ ಮುಂದಕ್ಕೆ ಇಡುತ್ತಿದ್ದೆ.

ಎಡಗಡೆ ಕತ್ತರಿಸಿ ವೆಂಟ್ ಇಟ್ಟೆ. ಬಲಗಡೆಯ ಹಳೇ ತೂತಿಗೆ ಕತ್ತರಿಸಿದ ತುಂಡನ್ನೇ ಕೂರಿಸಿ, ಒಳಗಿಂದ ತಗಡು ಕೊಟ್ಟು, ಸುತ್ತ ರಿವೆಟ್ ಮೊಳೆ ಹೊಡೆದೆ. ಅಂಗಡಿ ಮುಚ್ಚಿ ಮೆಷಿನ್ ಒಯ್ಯಲು ಬಂದ ಬೀಗದವನು ಸೊಂಟದ ಮೇಲೆ ಕೈಯಿಟ್ಟು ನಿಂತ.

“ಬಾನೆಟ್ಟಿಗೂ ಜೇಬು ಇಟ್ರಾ ಅಮ್ಮಾ?”

“ತೇಪೆ ಕಣೋ. ರಿವೆಟ್ ಇನ್ನೂ ಉಳಿದಿದೆ, ನಿನ್ನ ಬಾಯಿಗೂ ಒಂದು ಹಾಕ್ಲಾ?”

ಇವರು ನಕ್ಕರು. ಸದ್ದಿಲ್ಲ, ಹೊಟ್ಟೆ ಕುಣಿಯಿತು ಅಷ್ಟೇ.

ನಾಳೆ ಏರು. ಇದೂ ಕೈಕೊಟ್ಟರೆ ಜಾಗ ಹೋಯಿತು.

ಮಾರ್ಚ್ 14, ಗುರುವಾರ. ಆಸ್ಪತ್ರೆಯ ಬೆಂಚಿನ ಮೇಲೆ

ಬಂದೆವು. ಹೊತ್ತಿಗೆ ಮುಂಚೆಯೇ.

ಏರು ಶುರುವಾದಾಗ ಎಂಜಿನ್ ಬಿಸಿ ತೋರಿಸುವ ಮುಳ್ಳು ಮೇಲೆ ಹೊರಟಿತು. ನಾನು ಗೇರು ಇಳಿಸಿದೆ. ಅವತ್ತು ಗಾಡಿ ಕುದಿದು ನಿಂತಿದ್ದ ತಿರುವು ದಾಟಿದೆವು. ಮುಳ್ಳು ನಡುವಿಗೆ ಬಂದು ಅಲ್ಲೇ ತೂಕಡಿಸಿತು. ಗಾಜಿನಾಚೆ ವೆಂಟಿನ ಮೇಲೆ ಗಾಳಿ ನೀರಿನ ಹಾಗೆ ಅಲುಗುತ್ತಿತ್ತು, ಬಿಸಿ ಹೊರಗೆ ಹೋಗುವುದು ಕಣ್ಣಿಗೇ ಕಾಣುತ್ತಿತ್ತು. ಇವರು ಅದನ್ನು ಬಿಟ್ಟು ರಸ್ತೆ ನೋಡಲೇ ಇಲ್ಲ.

ಡಾಕ್ಟರಮ್ಮ ಮೆಟ್ಟಿಲಿಳಿದು ಬಂದರು. ಇವರು ಒಳಗೆ ಹೋಗಲು ಒಪ್ಪಲಿಲ್ಲ. ಬಾನೆಟ್ ಹಿಡಿದುಕೊಂಡು ನಿಂತರು. ಆಕೆಯ ಕೈ ಹಿಡಿದು ವೆಂಟಿನ ಮೇಲೆ ಹಿಡಿದರು. “ಅಯ್ಯೋ, ಬಿಸಿ” ಅಂದರು ಆಕೆ. ಇವರು ತೇಪೆ ತೋರಿಸಿದರು. ನನ್ನನ್ನು ತೋರಿಸಿದರು. ಅಂಗೈ ಮಗುಚಿದರು. ಮತ್ತೆ ನನ್ನನ್ನು ತೋರಿಸಿದರು.

ಚಾಡಿ ಹೇಳುತ್ತಿದ್ದಾರೆ ಕೂಸು. ನನ್ನ ಮೇಲೆ.

ತುಟಿ ಕೂಡಿತು, ಬಿಟ್ಟಿತು, ಮತ್ತೆ ಕೂಡಿತು. ಬಂದದ್ದು ಆಯ್ತು. ಸಿಟ್ಟು ಬಂದು ಬಾನೆಟ್ ಗುದ್ದಿದರು. ಇಷ್ಟು ದಿನದಲ್ಲಿ ಮಾತು ಬರಲಿಲ್ಲ ಅಂತ ಸಿಟ್ಟಾದದ್ದು ಇದೇ ಮೊದಲು. ಇಲ್ಲಿಯತನಕ ಸುಮ್ಮನೆ ಒಪ್ಪಿಕೊಂಡಿದ್ದರು.

“ಇವತ್ತು ಇದನ್ನೇ ಹೇಳಿಸ್ತೀನಿ” ಅಂದರು ಡಾಕ್ಟರಮ್ಮ. “ಹೇಳ್ಲೇಬೇಕು ಅಂತ ಅವರಿಗೇ ಅನ್ನಿಸಿದೆ. ಇದಕ್ಕೇ ನಾನು ಕಾಯ್ತಾ ಇದ್ದಿದ್ದು. ಮುಂದಿನ ಗುರುವಾರನೂ ಇದೇ ಹೊತ್ತಿಗೆ ಬನ್ನಿ.”

ಒಳಗೆ ಹೋಗಿ ಬಹಳ ಹೊತ್ತಾಯಿತು. ಬಾಗಿಲಾಚೆ ಆಯ್ತು, ಆಯ್ತು. ನಡುವೆ ಬರೀ ಉಸಿರು. ಆಮೇಲೆ ತುಟಿ ಕೂಡಿ ಬಿಡುವ ಸದ್ದು.

ಕೂಸು, ಇದಿಷ್ಟನ್ನೂ ಕಾಗದಕ್ಕೆ ಇಳಿಸಿ ಇವತ್ತೇ ಕಳಿಸುತ್ತೇನೆ. ಗಾಬರಿಯಾದರೆ ಆಗಲಿ. ನೀನು ಮಾತ್ರ ನನಗೆ ಬರೆಯಬೇಡ, ನಿನ್ನ ಭಾವನಿಗೆ ಬರೆ. ಅಕ್ಕ ಗಾಡಿಗೆ ಏನು ಮಾಡಿಟ್ಟಳು ಅಂತ ಅವರನ್ನೇ ಕೇಳು. ನನ್ನನ್ನು ಬೈಯುವುದಕ್ಕೆ ಏನೇನು ಮಾತು ಬೇಕೋ ಎಲ್ಲ ಹುಡುಕಿಕೊಳ್ಳಲಿ. ಬೇಗ ಬರೆ ಮಾರಾಯ್ತಿ, ಹುಡುಕುವುದಕ್ಕೆ ಅವರಿಗೆ ಹೊತ್ತು ಬೇಕು, ಒಳಗೆ ಈಗಷ್ಟೇ “ಬಿ…” ಅಂದರು, ಆಯ್ತು ಅಲ್ಲ, ಬಿಸಿ ಅಂತ ಏನೋ…